ಬೀರುವಿನ ಹಿಂದೊಂದು ಕಚೇರಿ

ಕಚೇರಿ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಚ್ಚಿಯ ಒಂದು ಕೇಂದ್ರ ಸಂಸ್ಥೆಯ ಆಡಳಿತ ವಿಭಾಗದಲ್ಲಿ ನಾನು ಗುಮಾಸ್ತ. ಅಲ್ಲಿನ ವಿಜ್ಞಾನಿಗಳು ಸಮುದ್ರದ ಮೀನು ಎಣಿಸುತ್ತಾರೆ. ನಾನು ವಿಜ್ಞಾನಿಗಳ ರಜೆ ಎಣಿಸುತ್ತೇನೆ. ಮೇಜು ಎಲ್ಲಿರಬೇಕು, ಕುರ್ಚಿ ಎತ್ತ ಮುಖ ಮಾಡಿರಬೇಕು, ಬಂದವರನ್ನು ಎಷ್ಟು ಹೊತ್ತು ಕಾಯಿಸಿದರೆ ಗೌರವ ಹುಟ್ಟುತ್ತದೆ, ಈ ಎಲ್ಲ ವಿಷಯಗಳಲ್ಲಿ ನನಗೆ ಆಗಲೇ ಹದಿನೆಂಟು ವರ್ಷಗಳ ಅನುಭವವಿತ್ತು. ಆದ್ದರಿಂದ ಮನೆಯಲ್ಲೇ ಒಂದು ಕಚೇರಿ ಸ್ಥಾಪಿಸುವ ಪ್ರಸಂಗ ಬಂದಾಗ, ಅದಕ್ಕೆ ನನಗಿಂತ ಯೋಗ್ಯ ವ್ಯಕ್ತಿ ಪಾಲಾರಿವಟ್ಟಂನಿಂದ ಆಲುವದವರೆಗೆ ಹುಡುಕಿದರೂ ಸಿಗಲಾರ ಎಂದು ನಾನು ಮನಸಾರೆ ನಂಬಿದ್ದೆ.

ಈಗ ನಂಬುವುದಿಲ್ಲ!

ನಮ್ಮದು ಪಾಲಾರಿವಟ್ಟಂನಲ್ಲಿ ರೋಸಮ್ಮ ಚೇಚಿಯ ಮನೆಯ ಮಹಡಿ. ಚೇಚಿ ಎಂದರೆ ಇಲ್ಲಿ ಅಕ್ಕ. ಕೆಳಗೆ ಅವರು, ಮೇಲೆ ನಾವು. ಒಂದು ಮಲಗುವ ಕೋಣೆ, ಒಂದು ಅಡಿಗೆಮನೆ, ಅವೆರಡರ ಮಧ್ಯೆ ಒಂದು ನಡುಮನೆ, ಅದರ ತುದಿಗೊಂದು ಬಾಲ್ಕನಿ. ಹಾಸನದಿಂದ ವರ್ಗವಾಗಿ ಬಂದಾಗ ನನ್ನ ಹೆಂಡತಿ ಜಲಜ ಅಲ್ಲಿನ ಶಾಲೆಯ ಕೆಲಸ ಬಿಟ್ಟು ಬಂದಳು. ಆದರೆ ಅವಳಪ್ಪ ಅರಸೀಕೆರೆಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದವರು. ಹೊರಡುವಾಗ ಮಗಳಿಗೆ ಒಂದು ಹಳೆಯ ಇಂಗ್ಲಿಷ್ ಟೈಪ್‌ರೈಟರ್ ಕೊಟ್ಟು ಕಳಿಸಿದ್ದರು. "ಇದನ್ನ ಹೊತ್ಕೊಂಡು ಹೋಗಿ ಕೇರಳದಲ್ಲಿ ಏನ್ ಮಾಡ್ತೀಯ?" ಎಂದು ನಾನು ಲಾರಿಗೆ ಸಾಮಾನು ಹೇರುವಾಗ ನಕ್ಕಿದ್ದೆ. ಎರಡು ವರ್ಷದಲ್ಲಿ ಆ ಯಂತ್ರ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳಲ್ಲಿ ನನಗಿಂತ ಹೆಚ್ಚು ಪ್ರಸಿದ್ಧವಾಯಿತು. ಕಂಪ್ಯೂಟರ್ ಸೆಂಟರುಗಳು ಆಗಷ್ಟೇ ಅಲ್ಲೊಂದು ಇಲ್ಲೊಂದು ತೆರೆಯುತ್ತಿದ್ದ ಕಾಲ. ಪಿಎಚ್‌.ಡಿ. ಪ್ರಬಂಧ ಟೈಪ್ ಆಗಬೇಕೆಂದರೆ ಹುಡುಗ ಹುಡುಗಿಯರು ಜಲಜಚೇಚಿಯನ್ನು ಹುಡುಕಿಕೊಂಡು ಬರುತ್ತಿದ್ದರು. ತಪ್ಪಿಲ್ಲದ ಟೈಪು, ಹೇಳಿದ ದಿನಕ್ಕೆ ಕೈಗೆ.

ಅವಳು ಟೈಪ್ ಮಾಡುತ್ತಿದ್ದುದು ನಮ್ಮ ಊಟದ ಮೇಜಿನ ಮೇಲೆ. ಊಟದ ಹೊತ್ತಿಗೆ ಯಂತ್ರವನ್ನು ಎತ್ತಿ ಕೆಳಗಿಡುವುದು, ಕಾಗದಗಳನ್ನು ಕಿಟಕಿಯ ಮೇಲಿಡುವುದು, ಉಂಡ ಮೇಲೆ ಮೇಜು ಒರೆಸಿ ಮತ್ತೆ ಎತ್ತಿಡುವುದು. ದಿನಕ್ಕೆ ಮೂರು ಸಲ. ಒಂದು ದಿನ ಅವಳು ಸೊಂಟ ಹಿಡಿದುಕೊಂಡು, "ರೀ, ಒಂದು ಪುಟ್ಟ ಮೇಜು ಸಿಕ್ಕಿದ್ರೆ ಆ ಮೂಲೇಲಿ ಹಾಕ್ಕೋಬಹುದಿತ್ತು" ಎಂದಳು.

ಅವಳು ಕೇಳಿದ್ದು ಅಷ್ಟೇ. ಪುಟ್ಟ ಮೇಜು. ಮೂಲೆ.

"ಮೇಜು ಯಾಕೆ? ಆಫೀಸೇ ಮಾಡ್ಕೊಡ್ತೀನಿ!" ಎಂದೆ ನಾನು.

"ಆಫೀಸ್ ಬೇಡ ರೀ. ಮೇಜು ಸಾಕು."

"ನಿನಗೆ ಗೊತ್ತಾಗಲ್ಲ. ಕೆಲಸ ಅಂದ್ಮೇಲೆ ಅದಕ್ಕೊಂದು ವ್ಯವಸ್ಥೆ ಬೇಕು."

ಇಲ್ಲಿ ಒಂದು ಸತ್ಯ ಒಪ್ಪಿಕೊಳ್ಳಬೇಕು. ಆ ಹದಿನೆಂಟು ವರ್ಷಗಳಲ್ಲಿ ನನಗೆ ಸ್ವಂತದ್ದೊಂದು ಕೋಣೆ ಯಾರೂ ಕೊಟ್ಟಿರಲಿಲ್ಲ. ಸಂಸ್ಥೆಯಲ್ಲಿ ನನ್ನ ಸ್ಥಾನ ಕಡತಗಳ ಕಪಾಟಿಗೂ ಶೌಚಾಲಯದ ಬಾಗಿಲಿಗೂ ನಡುವೆ. ಹೋಗುವವರೆಲ್ಲ ನನ್ನ ಮೇಜಿಗೊಂದು ಡಿಕ್ಕಿ ಹೊಡೆದೇ ಹೋಗಬೇಕು. ಕೆಲವರು ನಿಂತು ಕೈ ಒರೆಸಿಕೊಳ್ಳುತ್ತ ರಜೆಯ ಲೆಕ್ಕ ಕೇಳುತ್ತಾರೆ. ಹೀಗಾಗಿ ಹೆಂಡತಿಗೆ ಆಫೀಸು ಮಾಡಿಕೊಡುತ್ತೇನೆ ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ಅವಳ ಸೊಂಟವಲ್ಲ. ಪರದೆ, ಕರೆಗಂಟೆ, ದೊಡ್ಡದೊಂದು ಮೇಜು, ಅದರ ಹಿಂದೆ ಕುಳಿತ ನಾನು! ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಮೊದಲ ಹಂತ, ಗೋಡೆ. ಬಾಡಿಗೆ ಮನೆಯಲ್ಲಿ ಗೋಡೆ ಕಟ್ಟುವ ಹಾಗಿಲ್ಲ. ಆದರೆ ನಮ್ಮಲ್ಲಿ ಮದುವೆಯಲ್ಲಿ ಬಂದ ಕಬ್ಬಿಣದ ಬೀರು ಒಂದಿತ್ತು. ಅದನ್ನು ಖಾಲಿ ಮಾಡಿ, ಎದುರು ಮನೆಯ ಇಬ್ಬರನ್ನು ಕರೆದು, ಮಲಗುವ ಕೋಣೆಯಿಂದ ತಂದು ನಡುಮನೆಯಲ್ಲಿ ಅಡ್ಡ ನಿಲ್ಲಿಸಿ, ಮತ್ತೆ ತುಂಬಿದೆ. ಪಕ್ಕದಲ್ಲಿ ಪುಸ್ತಕದ ಕಪಾಟು. ಒಂದು ತುದಿಯಲ್ಲಿ ಒಬ್ಬರು ಅಡ್ಡಡ್ಡವಾಗಿ ನುಸುಳುವಷ್ಟು ಜಾಗ ಬಿಟ್ಟು ಅಲ್ಲಿಗೊಂದು ಪರದೆ. ಬಾಲ್ಕನಿಯ ಕಡೆಯ ಭಾಗ ಕಚೇರಿ, ಈ ಕಡೆಯದು ಸಂಸಾರ. ಬೀರುವಿನ ಬೆನ್ನು ಸಂಸಾರಕ್ಕೆ, ಮುಖ ಕಚೇರಿಗೆ.

"ಅಲ್ಲಾ ರೀ, ನನ್ನ ಸೀರೆಯೆಲ್ಲ ಅದರಲ್ಲೇ ಇದೆ" ಎಂದಳು ಜಲಜ.

"ಅದಕ್ಕೇನು? ಆಫೀಸು ವೇಳೆಗೆ ಮುಂಚೆ ತಗೊಂಡುಬಿಡು."

ಎರಡನೆಯ ಹಂತ, ಫಲಕ. ಇದನ್ನು ಸಂಸ್ಥೆಯ ಬೋರ್ಡು ಬರೆಯುವವನ ಕೈಯಲ್ಲಿ ನೀಲಿ ಬಣ್ಣದಲ್ಲಿ ಬರೆಸಿದೆ. 'ಕೆ. ಚಂದ್ರಶೇಖರಯ್ಯ, ಕಚೇರಿ ಮುಖ್ಯಸ್ಥರು' ಎಂದು ಮೇಲೆ, ದಪ್ಪಕ್ಷರದಲ್ಲಿ. ಕೆಳಗೆ ಸಣ್ಣದಾಗಿ, 'ಟೈಪಿಸ್ಟ್: ಜಲಜ'. ಇಂಗ್ಲಿಷಿನಲ್ಲೂ ಮಲಯಾಳದಲ್ಲೂ! ಜಲಜ ಅದನ್ನು ಓದಿದಳು. ಸೆರಗಿನಿಂದ ಫಲಕದ ಮೇಲಿನ ಧೂಳು ಒರೆಸಿ ಅಡಿಗೆಮನೆಗೆ ಹೋದಳು. ಮೆಚ್ಚಿದಳು ಎಂದುಕೊಂಡೆ.

ಮೂರನೆಯ ಹಂತ, ಮೇಜು. ನಮ್ಮ ಸಂಸ್ಥೆಯಲ್ಲಿ ಹಳೆಯ ಪೀಠೋಪಕರಣ ಹರಾಜಾಗುತ್ತಿತ್ತು. ಅದರಲ್ಲಿ ಹಿಂದಿನ ನಿರ್ದೇಶಕರ ಮೇಜೂ ಇತ್ತು. ಏಳಡಿ ಉದ್ದ, ಮೂರಡಿ ಅಗಲ, ಹಳೆಯ ತೇಗ, ಮೇಲೆ ಹಸಿರು ರೆಕ್ಸಿನ್. ಅದರ ಮುಂದೆ ನಾನು ಎಷ್ಟು ಸಲ ಕೈಕಟ್ಟಿ ನಿಂತಿದ್ದೇನೆಂದು ಆ ಮೇಜಿಗೇ ಗೊತ್ತು. ನಾನೊಬ್ಬನೇ ಕೂಗಿದೆ, ಬೇರೆ ಯಾರಿಗೂ ಅದನ್ನು ಇಡುವಷ್ಟು ದೊಡ್ಡ ಮನೆಯಿರಲಿಲ್ಲ. ನನಗೂ ಇರಲಿಲ್ಲ, ಆದರೆ ನನ್ನ ಹತ್ತಿರ ಟೇಪು ಇತ್ತು! ಮನೆಗೆ ಬಂದು ಅಳೆದೆ. ಬೀರುವಿಗೂ ಬಾಲ್ಕನಿಯ ಕಡೆಯ ಗೋಡೆಗೂ ನಡುವೆ ಮೂರಡಿ ಎರಡಂಗುಲ. ಉದ್ದಕ್ಕೆ ಎಂಟಡಿ. ಮೇಜು ಇಟ್ಟ ಮೇಲೂ ಎರಡಂಗುಲ ಉಳಿತಾಯ! ಇಂಥ ಕರಾರುವಾಕ್ಕಾದ ಲೆಕ್ಕಕ್ಕಾಗಿ ಸರ್ಕಾರ ನನಗೆ ಬಡ್ತಿ ಕೊಡಬೇಕಿತ್ತು.

ಮೇಜು ಬರುವ ಶನಿವಾರ ಜಲಜ ನಮ್ಮ ಎಂಟು ವರ್ಷದ ಮಗಳು ಪಲ್ಲವಿಯನ್ನು ಕರೆದುಕೊಂಡು ಅವಳ ಶಾಲೆಯ ಸಭೆಗೆ ಹೋಗಿದ್ದಳು. ಆ ಹೊತ್ತಿಗೆ ಬಿಂದು ಬಂದಳು. ಹಿನ್ನೀರಿನ ಚಿಪ್ಪುಮೀನುಗಳ ಮೇಲೆ ಐದು ವರ್ಷ ಸಂಶೋಧನೆ ಮಾಡಿದ ಆಲುವದ ಹುಡುಗಿ. ಅವಳ ಪ್ರಬಂಧದ ನೂರೆಪ್ಪತ್ತು ಪುಟಗಳನ್ನು ಜಲಜ ಊಟದ ಮೇಜಿನ ಮೇಲೇ ಟೈಪ್ ಮಾಡಿ ಮುಗಿಸಿದ್ದಳು. ಉಳಿದಿದ್ದುದು ಕೊನೆಯ ಎರಡು ಅಧ್ಯಾಯ ಮತ್ತು ಮೊದಲಿನ ನಾಲ್ಕಾರು ಪುಟ. ಮುಂದಿನ ಶುಕ್ರವಾರದೊಳಗೆ ಪ್ರಬಂಧ ವಿಶ್ವವಿದ್ಯಾಲಯಕ್ಕೆ ಸಲ್ಲಬೇಕು. ಸಲ್ಲಿಸಿದ್ದಕ್ಕೆ ಪತ್ರ ಕೈಯಲ್ಲಿದ್ದರೆ ಮಾತ್ರ ಸೋಮವಾರ ತಿರುವನಂತಪುರದಲ್ಲಿ ಅವಳ ಸಂದರ್ಶನ. ವಿದ್ಯಾರ್ಥಿವೇತನ ಮುಗಿದು ಮನೆಯಲ್ಲಿ ಕುಳಿತಿದ್ದ ಹುಡುಗಿಗೆ ಮೊತ್ತಮೊದಲು ಬಂದ ಕರೆ ಅದು.

"ಚೇಚಿ ಊಟದ ಮೇಜಿನ ಮೇಲೆ ಇಟ್ಟು ಹೋಗು ಅಂದಿದ್ರು" ಎಂದಳು ಬಿಂದು, ಕೈಬರಹದ ಕಟ್ಟು ಹಿಡಿದುಕೊಂಡು.

"ಹಾಗೆಲ್ಲ ಇಡೋಕಾಗಲ್ಲ. ಇದು ಈಗ ಆಫೀಸು. ಕೂತ್ಕೊಳ್ಳಿ."

ಅವಳನ್ನು ಪರದೆಯ ಹೊರಗೆ ಸ್ಟೂಲಿನ ಮೇಲೆ ಕೂರಿಸಿದೆ. ಹೊಸ ಆವಕ ಪುಸ್ತಕದಲ್ಲಿ ಕ್ರಮಸಂಖ್ಯೆ ಒಂದು ಎಂದು ನಮೂದಿಸಿದೆ. ಸಹಿ ಹಾಕಿಸಿಕೊಂಡೆ. ಕಾಗದಗಳನ್ನು ರಟ್ಟಿನ ಕಡತದಲ್ಲಿಟ್ಟು, ಕೆಂಪು ದಾರದಿಂದ ಎರಡು ಸುತ್ತು ಕಟ್ಟಿ, ಬೀರುವಿನ ಎರಡನೆಯ ಖಾನೆಯಲ್ಲಿಟ್ಟು ಬೀಗ ಹಾಕಿದೆ. "ಇನ್ನು ಇದು ಸುರಕ್ಷಿತ" ಎಂದು ಅವಳಿಗೆ ಹೇಳಿದೆ.

ನಾನು ನನ್ನ ಜೀವನದಲ್ಲಿ ಆಡಿದ ಅತ್ಯಂತ ಸತ್ಯವಾದ ಮಾತು ಅದು.

ಬಿಂದು ಹೋದ ಅರ್ಧ ಗಂಟೆಗೆ ಟೆಂಪೋದಲ್ಲಿ ಮೇಜು ಬಂತು. ಹಿಂದೆಯೇ ಯೂನಿಯನ್ನಿನ ನಾಲ್ವರು ಹಮಾಲರು ಬಂದರು. ಈ ಊರಿನಲ್ಲಿ ಅವರನ್ನು ಬಿಟ್ಟು ಒಂದು ಮೊರವನ್ನೂ ಲಾರಿಯಿಂದ ಇಳಿಸುವ ಹಾಗಿಲ್ಲ. ಅವರ ಮುಖಂಡ ವರ್ಗೀಸ್ ಮೇಜನ್ನು ನೋಡಿದ, ನಮ್ಮ ಮೆಟ್ಟಿಲನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಸಾರೇ, ಇದು ಕೇರಿಲ್ಲ" ಎಂದ. ಹತ್ತುವುದಿಲ್ಲವಂತೆ.

"ಹತ್ತತ್ತೆ. ನಾನು ಅಳೆದಿದ್ದೀನಿ."

ಕೊನೆಗೆ ಹಗ್ಗ ಕಟ್ಟಿ, ಮೇಜನ್ನು ಮಗ್ಗುಲಾಗಿಸಿ, ಬಾಲ್ಕನಿಯ ಮೂಲಕ ಎತ್ತಿದರು. ಬೀದಿಯವರೆಲ್ಲ ನಿಂತು ನೋಡಿದರು. ಬಾಲ್ಕನಿಯ ಬಾಗಿಲಿನಿಂದ ಒಳಕ್ಕೆ ತೂರಿಸಿ, ನನ್ನ ಲೆಕ್ಕದ ಪ್ರಕಾರ ಬೀರುವಿಗೂ ಗೋಡೆಗೂ ನಡುವೆ ಇಳಿಸಿದರು. ಡಬ್ಬಿಯೊಳಗೆ ಡಬ್ಬಿ ಕೂತ ಹಾಗೆ ಕೂತಿತು! ವರ್ಗೀಸ್ ಬೆವರು ಒರೆಸಿಕೊಳ್ಳುತ್ತ, "ಸಾರ್ ಎಲ್ಲಿ ಕೂತ್ಕೊಳ್ತೀರಿ?" ಎಂದು ಕೇಳಿದ.

ಒಳ್ಳೆಯ ಪ್ರಶ್ನೆ. ಕುರ್ಚಿಗೆ ಜಾಗವಿರಲಿಲ್ಲ.

ಆದರೆ ಅಷ್ಟಕ್ಕೆಲ್ಲ ಎದೆಗುಂದುವವನಲ್ಲ ನಾನು. ಕುರ್ಚಿಯನ್ನು ಮೇಜಿನ ಮೇಲಿಂದ ದಾಟಿಸಿ ಬಾಲ್ಕನಿಯಲ್ಲಿಟ್ಟೆ. ಅಲ್ಲಿ ಕುಳಿತು, ತೆರೆದ ಬಾಗಿಲಿನ ಮೂಲಕ ಕೈ ಒಳಗೆ ಚಾಚಿದರೆ ಮೇಜಿನ ಅಂಚು ಸಿಗುತ್ತಿತ್ತು. ಅಧಿಕಾರಿ ಬಯಲಿನಲ್ಲಿ, ಕಚೇರಿ ಒಳಗೆ! ಕುರ್ಚಿ ತಲುಪಬೇಕಾದರೆ ಮೇಜಿನ ಕೆಳಗೆ ತೆವಳಬೇಕು. ಮುಖ್ಯಸ್ಥನಾಗಿ ನಾನು ಅಧಿಕಾರ ವಹಿಸಿಕೊಂಡದ್ದು ನಾಲ್ಕು ಕಾಲಿನ ಮೇಲೆ. ಆದರೂ ಆ ಹಸಿರು ರೆಕ್ಸಿನ್ ಮೇಲೆ ಮೊಣಕೈ ಊರಿದಾಗ ಆದ ಸಂತೋಷ ಇದೆಯಲ್ಲ, ಅದನ್ನು ಸುಳ್ಳು ಎನ್ನಲಾರೆ.

ಸಂಜೆ ಜಲಜ ಬಂದಳು. ಪರದೆ ಸರಿಸಿದಳು. ಮೇಜನ್ನು ನೋಡಿದಳು. ಅದರ ಆ ಕಡೆ, ಬಾಲ್ಕನಿಯಲ್ಲಿ ಕುಳಿತಿದ್ದ ನನ್ನನ್ನು ನೋಡಿದಳು. ನಾನು ಕರೆಗಂಟೆ ಒತ್ತಿದೆ, ಟಿಂಗ್!

"ಏನ್ರೀ ಇದು?"

"ನಿನ್ನ ಆಫೀಸು."

"ನಾನೆಲ್ಲಿ ಕೂತ್ಕೊಳ್ಳೋದು?"

"ಸರದಿ ಪ್ರಕಾರ ಇಲ್ಲೇ. ಬಾ, ಕೆಳಗಿಂದ ತೂರ್ಕೊಂಡು ಬಾ."

"ನಾನು ಮೇಜಿನ ಕೆಳಗೆ ತೂರಲ್ಲ" ಎಂದಳು ಜಲಜ, ಬಹಳ ಮೆಲ್ಲಗೆ. "ಅದಿರಲಿ, ಬಿಂದು ಬಂದಿದ್ಲಾ? ಅಧ್ಯಾಯ ಕೊಟ್ಲಾ? ಎಲ್ಲಿಟ್ರಿ?"

ನಾನು ಠೀವಿಯಿಂದ ಬೀರುವಿನ ಕಡೆ ಬೆರಳು ತೋರಿಸಿದೆ. ಬೆರಳು ತೋರಿಸುತ್ತಿರುವಾಗಲೇ ನನಗೆ ಒಂದು ವಿಷಯ ಹೊಳೆಯಿತು. ಬೀರುವಿಗೆ ಬಾಗಿಲಿದೆ, ಆ ಬಾಗಿಲು ಮುಂದಕ್ಕೆ ತೆರೆಯುತ್ತದೆ ಎಂಬ ಸಣ್ಣ ಸಂಗತಿಯನ್ನು ನನ್ನ ಟೇಪು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ! ತೆವಳಿಕೊಂಡು ಬಂದು ಬೀಗ ತೆಗೆದು ಎಳೆದೆ. ಬಾಗಿಲು ಎರಡಂಗುಲ ಬಂದು, ನಿರ್ದೇಶಕರ ಮೇಜಿಗೆ ಠಣ್ಣೆಂದು ಬಡಿದು ನಿಂತಿತು. ಆ ಎರಡಂಗುಲ ಉಳಿತಾಯ ಇಷ್ಟು ಬೇಗ ಖರ್ಚಾಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಸಂದಿಯಲ್ಲಿ ಕೆಂಪು ದಾರ ಕಾಣುತ್ತಿತ್ತು. ಕೈ ಹೋಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ವೈಜ್ಞಾನಿಕವಾಗಿ ಯೋಚಿಸಿದೆ. ಮೇಜು ಸರಿಯದಿದ್ದರೆ ಬೀರು ಸರಿಯಬೇಕು. ಬೀರು ಹಿಂದಕ್ಕೆ ಹೋಗಬೇಕಾದರೆ ಮುಂದಿನಿಂದ ನೂಕಬೇಕು. ಮುಂದೆ ನಿಲ್ಲಲು ಜಾಗವಿಲ್ಲ, ಮಲಗಲು ಇದೆ. ಆದ್ದರಿಂದ ನಾನು ಮೇಜಿನ ಮೇಲೆ ಅಂಗಾತ ಮಲಗಿ, ಹೆಗಲನ್ನು ಗೋಡೆಗೆ ಕೊಟ್ಟು, ಎರಡೂ ಪಾದಗಳನ್ನು ಬೀರುವಿಗೆ ಹಚ್ಚಿ, ದೇವರ ಹೆಸರು ಹೇಳಿ ಒದ್ದೆ. ಬೀರು ಕಿರ್ರೆಂದಿತು. ನೆಲದ ಸಿಮೆಂಟು ಸಿಡಿದು ಅದರ ಒಂದು ಕಾಲು ಆ ಗುಂಡಿಯಲ್ಲಿ ಭದ್ರವಾಗಿ ಕುಳಿತುಕೊಂಡಿತು. ಅಷ್ಟರಲ್ಲಿ ಕೆಳಗಿನಿಂದ ಒಂದು ಕೂಗು.

"ಅಯ್ಯೋ! ಎಂಟೆ ಮೀನ್ ಕರಿ!" ನನ್ನ ಮೀನು ಸಾರು ಎಂದು.

ನಮ್ಮ ಆಫೀಸಿನ ನೇರ ಕೆಳಗೆ ರೋಸಮ್ಮ ಚೇಚಿಯ ಅಡಿಗೆಮನೆ. ಚಾವಣಿಯ ಗಾರೆ ಹಕ್ಕಳೆಯೆದ್ದು ಭಾನುವಾರದ ಮೀನು ಸಾರಿನ ಮಡಕೆಗೆ ಬಿದ್ದಿತ್ತು. ಚೇಚಿ ಸೌಟು ಹಿಡಿದುಕೊಂಡೇ ಮಹಡಿ ಹತ್ತಿ ಬಂದರು. ಪರದೆ ಸರಿಸಿದಾಗ ಅವರಿಗೆ ಕಂಡದ್ದು ಮೇಜಿನ ಮೇಲೆ ಅಂಗಾತ ಮಲಗಿ ಕಾಲು ಮೇಲೆತ್ತಿದ್ದ ಒಬ್ಬ ಕೇಂದ್ರ ಸರ್ಕಾರಿ ನೌಕರ.

"ಶೇಖರ್ ಸಾರೇ," ಎಂದರು ಚೇಚಿ. ಅವರ ಮಲಯಾಳದಲ್ಲಿ ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ, ಅರ್ಥವಾಗದ್ದೇ ಹೆಚ್ಚು ಖಾರವಾಗಿತ್ತು. "ಇನ್ನೊಂದು ಸಲ ಆ ಕಬ್ಬಿಣಾನ ಮುಟ್ಟಿದ್ರೆ ನನ್ನ ಮನೆ ನನ್ನ ತಲೆ ಮೇಲೆ ಬೀಳತ್ತೆ. ಕೂಲಿಯವರು ಬಂದು ಎತ್ತೋ ತನಕ ಅಲ್ಲಾಡಿಸಬೇಡಿ. ಇದಕ್ಕೆ ನೀವು ಆಫೀಸ್ ಅಂತೀರಾ?"

ವರ್ಗೀಸನ ಮನೆಗೆ ಓಡಿದೆ. ಭಾನುವಾರ ಅವರು ಕೆಲಸ ಮಾಡುವುದಿಲ್ಲ. ಸೋಮವಾರ ರಾಜ್ಯ ಬಂದ್. ಮಂಗಳವಾರ ಪೇಟೆಯಲ್ಲಿ ಲೋಡು. "ಬುಧವಾರ ನೋಕ್ಕಾಂ ಸಾರೇ" ಎಂದ, ಹಲ್ಲುಜ್ಜುತ್ತ. ಬುಧವಾರ ನೋಡೋಣವಂತೆ!

ಮಧ್ಯಾಹ್ನ ಬಿಂದು ಬಂದಳು. ಟೈಪ್ ಆದ ಪುಟಗಳಲ್ಲಿ ಏನೋ ತಿದ್ದಬೇಕಿತ್ತಂತೆ. ಜಲಜ ಅವಳಿಗೆ ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಆ ಹುಡುಗಿ ನನ್ನನ್ನು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಬೀರುವಿನ ಸಂದಿಯಲ್ಲಿ ಕಣ್ಣಿಟ್ಟು ತನ್ನ ಕಡತ ನೋಡಿದಳು. ಆಮೇಲೆ ಆ ಸ್ಟೂಲಿನ ಮೇಲೆ ಕುಳಿತು ಸದ್ದಿಲ್ಲದೆ ಅತ್ತಳು. "ಬೇರೆ ಪ್ರತಿ ಇಲ್ಲ ಚೇಚಿ. ಅದೊಂದೇ ಇರೋದು" ಎಂದಳು.

"ಮೇಜು ಕಡೀರಿ" ಎಂದಳು ಜಲಜ ನನ್ನ ಕಡೆ ತಿರುಗಿ.

"ಏನು?"

"ಗರಗಸ ತಂದು ಮೇಜು ಕಡೀರಿ ಅಂದೆ."

ಇಲ್ಲಿ ನಾನು ಏನು ಹೇಳಬೇಕಿತ್ತು ಎಂದು ಓದುವವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು, "ನಿರ್ದೇಶಕರ ಮೇಜು ಕಣೇ! ತೇಗ!"

ಜಲಜ ನನ್ನ ಮುಖವನ್ನೇ ನೋಡಿದಳು. ಸಿಟ್ಟಿನಿಂದಲ್ಲ. ಅಂಗಡಿಯವನು ತೂಕದಲ್ಲಿ ಮೋಸ ಮಾಡಿದಾಗ, ಹೋಗಲಿ ಬಿಡು ಎಂದು ಚೀಲ ಎತ್ತಿಕೊಳ್ಳುವಾಗ ನೋಡುತ್ತಾಳಲ್ಲ, ಹಾಗೆ. ಭಾನುವಾರ ಅಂಗಡಿ ತೆರೆದಿಲ್ಲ, ಗರಗಸ ಎಲ್ಲಿ ಸಿಗುತ್ತದೆ ಎಂದು ಆಮೇಲೆ ನಾನು ಸೇರಿಸಿದೆ. ಅದು ನಿಜವೇ ಆಗಿದ್ದರೂ ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ. ಇಷ್ಟು ವರ್ಷಗಳ ಮೇಲೂ ಆ ನೋಟ ನೆನಪಾದರೆ ನನಗೆ ಎಲ್ಲಾದರೂ ಅವಿತುಕೊಳ್ಳೋಣ ಅನ್ನಿಸುತ್ತದೆ.

ದಾರಿ ಕಂಡುಹಿಡಿದವಳು ಪಲ್ಲವಿ. ಯಾರೂ ಹೇಳದೆ ಮೇಜಿನ ಮೇಲೆ ಮೊಣಕಾಲೂರಿ ಕುಳಿತು, ತನ್ನ ಸಣಕಲು ಕೈಯನ್ನು ಸಂದಿಯಲ್ಲಿ ತೂರಿಸಿದಳು. ಮೊಣಕೈವರೆಗೆ ಹೋಯಿತು.

"ತೊಟ್ಟು! ಅಮ್ಮಾ, ತೊಟ್ಟು!" ಎಂದು ಕೂಗಿದಳು. ನಾವು ಮನೆಯಲ್ಲಿ ಎಷ್ಟೇ ಕನ್ನಡ ಆಡಿದರೂ ಅವಳ ಸಂತೋಷ ಹೊರಬರುವುದು ಮಲಯಾಳದಲ್ಲೇ. ಕಡತ ಅವಳ ಕೈಗೆ ಮುಟ್ಟಿತ್ತು.

ರಟ್ಟು ಸಂದಿಯಲ್ಲಿ ಬರುವಂತಿರಲಿಲ್ಲ. ದಾರ ಬಿಚ್ಚಿ ಹಾಳೆಗಳನ್ನೇ ಎಳೆಯಬೇಕು. ಆದರೆ ದಾರಕ್ಕೆ ಹಾಕಿದ್ದು ಗುಮಾಸ್ತನ ಗಂಟು! ಹದಿನೆಂಟು ವರ್ಷಗಳಲ್ಲಿ ನಾನು ಕಟ್ಟಿದ ಕಡತವನ್ನು ಯಾರೂ ಸುಲಭವಾಗಿ ಬಿಚ್ಚಿದ್ದಿಲ್ಲ, ಅದು ನನ್ನ ಹೆಮ್ಮೆಯಾಗಿತ್ತು. ಪಲ್ಲವಿ ಉಗುರಿನಿಂದ ಮುಕ್ಕಾಲು ಗಂಟೆ ಕೆರೆದಳು. ಗಂಟು ಬಿಚ್ಚಿದ ಮೇಲೆ ಅಡಿಗೆಮನೆಯ ಇಕ್ಕಳ ಹಿಡಿದು ಹಾಳೆಗಳನ್ನು ಒಂದೊಂದಾಗಿ ಹೊರತೆಗೆದಳು. "ಕಿಟ್ಟಿ! ಒರೆಣ್ಣಂ ಕೂಡಿ ಕಿಟ್ಟಿ!" ಸಿಕ್ಕಿತು, ಇನ್ನೊಂದು ಸಿಕ್ಕಿತು! ಬಿಂದು ಕಣ್ಣೊರೆಸಿಕೊಂಡು ಒಂದೊಂದನ್ನೇ ತೆಗೆದುಕೊಂಡು ಮಡಿಲಲ್ಲಿ ನೀವಿ ಜೋಡಿಸಿದಳು. ಕೆಲವಕ್ಕೆ ಅಂಚು ಹರಿದಿತ್ತು, ಕೆಲವಕ್ಕೆ ಇಕ್ಕಳದ ಮಸಿ ಹತ್ತಿತ್ತು. ನನಗೆ ಯಾರೂ ಯಾವ ಕೆಲಸವನ್ನೂ ಹೇಳಲಿಲ್ಲ. ಇಕ್ಕಳ ಜಾರಿ ಬಿದ್ದಾಗ ಎತ್ತಿಕೊಡುತ್ತಿದ್ದೆ.

ಇನ್ನು ಟೈಪ್ ಮಾಡುವುದು ಎಲ್ಲಿ? ನಡುಮನೆಯ ಉಳಿದ ಅರ್ಧದಲ್ಲಿ ಊಟದ ಮೇಜು, ಮಂಚ, ಕಪಾಟಿನಿಂದ ಇಳಿಸಿದ ಪುಸ್ತಕದ ರಾಶಿ, ಎಲ್ಲ ಒಂದರ ಮೇಲೊಂದು ನಿಂತಿದ್ದವು. ನಾನು ಕಚೇರಿಗೆ ಜಾಗ ಮಾಡುವ ಭರದಲ್ಲಿ ಅವಳಿಗಿದ್ದ ಜಾಗವನ್ನೂ ತೆಗೆದುಹಾಕಿದ್ದೆ. ಆಗ ರೋಸಮ್ಮ ಚೇಚಿ ಮತ್ತೆ ಮೇಲೆ ಬಂದರು. ನನ್ನನ್ನು ದಾಟಿ ಹೋಗಿ ಟೈಪ್‌ರೈಟರನ್ನು ತಾವೇ ಎತ್ತಿಕೊಂಡರು.

"ವಾ ಜಲಜೇ, ಕೆಳಗೆ ಬಾ" ಎಂದರು.

ಇಲ್ಲಿಯ ಮನೆಗಳಲ್ಲಿ ಅಡಿಗೆಮನೆಯ ಹಿಂದೆ ಇನ್ನೊಂದು ಸಣ್ಣ ಜಾಗ ಇರುತ್ತದೆ. ಒಂದು ಕಡೆ ಸೌದೆ ಒಲೆ, ಒಂದು ಕಡೆ ಒರಳು, ಮೀನು ತೊಳೆಯುವ ಕಟ್ಟೆ. ಅದನ್ನು ಎಲ್ಲರೂ 'ವರ್ಕ್ ಏರಿಯ' ಎನ್ನುತ್ತಾರೆ. ನನ್ನ ಹೆಂಡತಿ ಅಲ್ಲಿ, ತೆಂಗಿನಕಾಯಿ ತುರಿಯುವ ಮಣೆಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಭಾನುವಾರ ಮಧ್ಯಾಹ್ನ ಕುಳಿತವಳು, ಬುಧವಾರ ಮಧ್ಯಾಹ್ನದ ಹೊತ್ತಿಗೆ ಅರವತ್ತೆರಡು ಪುಟ ಮುಗಿಸಿದಳು. ಚೇಚಿ ಒಂದು ಪಕ್ಕದಲ್ಲಿ ಕಾಯಿ ತುರಿಯುತ್ತಿದ್ದರು. ಬಿಂದು ಇನ್ನೊಂದು ಪಕ್ಕದಲ್ಲಿ ಚಿಪ್ಪುಮೀನುಗಳ ಲ್ಯಾಟಿನ್ ಹೆಸರುಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಬಂದ್ ದಿನ ಬಸ್ಸಿಲ್ಲದೆ ಹುಡುಗಿ ಆಲುವದಿಂದ ಅವಳಣ್ಣನ ಸೈಕಲ್ ಮೇಲೆ ಬಂದಿದ್ದಳು. ನಾನು ಮೇಲೆ ನನ್ನ ಕಚೇರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಕುಳಿತಿದ್ದೆ. ಕೆಳಗಿನಿಂದ ಟಕಟಕ ಸದ್ದು, ನಗು, ಒಗ್ಗರಣೆಯ ವಾಸನೆ ಬರುತ್ತಿತ್ತು. ಸಾಲಿನ ಕೊನೆಗೆ ಆ ಯಂತ್ರದ ಗಂಟೆ ಟಿಣ್ಣೆನ್ನುತ್ತಿತ್ತು. ನನ್ನ ಮೇಜಿನ ಮೇಲೂ ಒಂದು ಗಂಟೆ ಇತ್ತು. ಅದನ್ನು ಒತ್ತುವ ಧೈರ್ಯವಾಗಲಿಲ್ಲ.

ಸೋಮವಾರ ಸಂಜೆ ಫಲಕವನ್ನು ನಾನೇ ಕಳಚಿದೆ. ಯಾರಾದರೂ ನೋಡಲಿ ಎಂದು ಸ್ವಲ್ಪ ಸದ್ದು ಮಾಡಿಯೇ ಕಳಚಿದೆ. ಯಾರೂ ನೋಡಲಿಲ್ಲ.

ಬುಧವಾರ ಸಂಜೆ ವರ್ಗೀಸ್ ತನ್ನವರೊಂದಿಗೆ ಬಂದು ಮೇಜನ್ನು ಬಂದ ದಾರಿಯಲ್ಲೇ ಇಳಿಸಿದ. ಬೀರು ಪೂರ್ತಿ ತೆರೆಯಿತು. ಒಳಗೆ ಖಾಲಿ ರಟ್ಟು, ಕೆಂಪು ದಾರ. ಮೇಜು ಈಗ ಹಿತ್ತಲಿನ ಹಲಸಿನ ಮರದ ಕೆಳಗಿದೆ. ಚೇಚಿ ಅದರ ಮೇಲೆ ಮರಗೆಣಸು ಒಣಗಿಸುತ್ತಾರೆ. ಕೋಳಿಗಳಿಗೂ ಇಷ್ಟವಾಗಿದೆ.

ಗುರುವಾರ ಒಂದು ಕೆಲಸ ನನ್ನ ಪಾಲಿಗೆ ಬಂತು. ಬಿಂದುವಿನ ಮಾರ್ಗದರ್ಶಕರು ಯಾವುದೋ ಸಭೆಗೆಂದು ತಿರುವನಂತಪುರಕ್ಕೆ ಹೋಗಿದ್ದರು. ಪೂರ್ತಿ ಪ್ರತಿ ನೋಡದೆ ಪ್ರಮಾಣಪತ್ರಕ್ಕೆ ಸಹಿ ಹಾಕುವವರಲ್ಲ. ಬಿಂದುವಿಗೆ ಉಳಿದ ಪ್ರತಿಗಳಿಗೆ ಚಿಪ್ಪುಗಳ ಫೋಟೋ ಅಂಟಿಸುವುದಿತ್ತು. "ನಾನು ಹೋಗಿ ಬರ್ತೀನಿ" ಎಂದೆ. ಮೂವರು ಹೆಂಗಸರೂ ಮುಖ ಮುಖ ನೋಡಿಕೊಂಡರು. ಪ್ರತಿಯನ್ನು ನನ್ನ ಕೈಗೆ ಕೊಡುವಾಗ ಜಲಜ, "ಎಲ್ಲೂ ಬೀಗ ಹಾಕಿ ಇಡಬೇಡಿ" ಎಂದಳು.

ಬೆಳಗಿನ ರೈಲು. ಎದೆಗವುಚಿಕೊಂಡು ಕುಳಿತೆ. ಪಕ್ಕದವರು ಮಗು ಇರಬೇಕೆಂದು ಬಗ್ಗಿ ನೋಡಿದರು. ತಿರುವನಂತಪುರದಲ್ಲಿ ಆ ಪ್ರೊಫೆಸರರನ್ನು ಸಭೆ ನಡೆಯುತ್ತಿದ್ದ ಕಟ್ಟಡದ ಕ್ಯಾಂಟೀನಿನಲ್ಲಿ ಹಿಡಿದೆ. ಅವರು ಎಡಗೈಯಲ್ಲಿ ಚಹಾದ ಲೋಟ ಹಿಡಿದು, ಪ್ರಬಂಧವನ್ನು ಮೊಣಕಾಲ ಮೇಲಿಟ್ಟುಕೊಂಡು, ಅರ್ಧ ಗಂಟೆ ಪುಟ ತಿರುವಿ, ಅಲ್ಲೇ ಸಹಿ ಹಾಕಿದರು. ಮೇಜು ಕೇಳಲಿಲ್ಲ! "ಟೈಪಿಂಗ್ ಬಹಳ ಚೆನ್ನಾಗಿದೆ. ಎಲ್ಲಿ ಮಾಡಿಸಿದ್ದು?" ಎಂದು ಕೇಳಿದರು. ಒರಳುಕಲ್ಲಿನ ಪಕ್ಕದಲ್ಲಿ ಎನ್ನಲು ನಾಲಿಗೆ ಏಳಲಿಲ್ಲ. "ನನ್ನ ಹೆಂಡತಿ ಮಾಡಿದ್ದು" ಎಂದೆ. ಆ ವಾರದಲ್ಲಿ ನಾನು ತಲೆಯೆತ್ತಿ ಆಡಿದ ಮಾತು ಅದೊಂದೇ. ಶುಕ್ರವಾರ ಪ್ರಬಂಧ ಸಲ್ಲಿಕೆಯಾಯಿತು, ಸೋಮವಾರದ ಸಂದರ್ಶನದಲ್ಲಿ ಬಿಂದುವಿಗೆ ಕೆಲಸವೂ ಸಿಕ್ಕಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಸಂತೋಷದ ಸುದ್ದಿ ಬೇರೆ ಇಲ್ಲ.

ವಾಪಸು ಬರುವ ರೈಲಿನಲ್ಲಿ ಪ್ರಬಂಧ ಬಿಡಿಸಿದೆ. ಚಿಪ್ಪುಮೀನು ನನಗೆ ತಿಳಿಯದು. ಕೃತಜ್ಞತೆಯ ಪುಟಕ್ಕೆ ಹೋದೆ. ಈ ಪುಟದ ಕೈಬರಹವನ್ನು ಭಾನುವಾರ ಇಕ್ಕಳದಿಂದ ಬಿದ್ದಾಗ ನಾನೇ ಎತ್ತಿಕೊಟ್ಟಿದ್ದೆ, ಎತ್ತುವಾಗ ಓದಿಯೂ ಇದ್ದೆ. ಮಾರ್ಗದರ್ಶಕರು, ಅಪ್ಪ ಅಮ್ಮ, ಅಣ್ಣ, ದೋಣಿ ನಡೆಸಿದವರು, ಜಲಜಚೇಚಿ. ಅಷ್ಟೇ ಇತ್ತು. ಈಗ ಟೈಪ್ ಆದ ಪುಟದಲ್ಲಿ ರೋಸಮ್ಮ ಚೇಚಿ ಇದ್ದರು, ಪುಟ್ಟ ಪಲ್ಲವಿ ಇದ್ದಳು, ಅದು ನ್ಯಾಯವೇ. ಎಲ್ಲಕ್ಕಿಂತ ಕೆಳಗೆ ಇನ್ನೊಂದು ವಾಕ್ಯವಿತ್ತು. 'ಕಚೇರಿ ಸೌಕರ್ಯ ಒದಗಿಸಿದ ಶ್ರೀ ಕೆ. ಚಂದ್ರಶೇಖರಯ್ಯನವರಿಗೂ ನಾನು ಕೃತಜ್ಞಳು.'

ಎರಡು ಸಲ ಓದಿದೆ. ಕಣ್ಣು ಮಂಜಾಯಿತು. ಬಿಂದು ಇದನ್ನು ತಾನಾಗಿ ಬರೆದಿರಲಾರಳು. ಇದು ಜಲಜಳದೇ ಕೆಲಸ. ಇಷ್ಟೆಲ್ಲ ಆದ ಮೇಲೂ ಅವಳು ನನ್ನನ್ನು ಬಿಟ್ಟುಕೊಟ್ಟಿಲ್ಲ! ಎರ್ನಾಕುಲಂ ಬರುವವರೆಗೂ ನಾನು ಮನಸ್ಸಿನಲ್ಲೇ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿದೆ. ಒಂದು ಪುಟ್ಟ ಮೇಜು, ಮೂಲೆ, ಅವಳ ಹೆಸರು ಮಾತ್ರ ಇರುವ ಫಲಕ, ಹೀಗೆ.

ಮನೆಗೆ ಬಂದಾಗ ಜಲಜ ಹೊಸ ಕಾರ್ಬನ್ ಹಾಳೆ ಜೋಡಿಸುತ್ತಿದ್ದಳು. ಪ್ರಬಂಧವನ್ನು ಅವಳ ಕೈಗೆ ಕೊಟ್ಟು ಕೇಳಿದೆ.

"ಕೊನೇ ಸಾಲು ನೀನೇ ಹಾಕಿದ್ದಲ್ವಾ?"

"ಹೂಂ. ಬಿಂದೂನ ಕೇಳೇ ಹಾಕಿದೆ. ಅವಳಿಗೆ ಅಷ್ಟು ಮನಸ್ಸಿರಲಿಲ್ಲ, ನಿಮ್ಮಿಷ್ಟ ಚೇಚಿ ಅಂದ್ಲು."

"ಯಾಕೆ ಹಾಕಿದೆ ಜಲಜಾ?"

ಅವಳು ಯಂತ್ರಕ್ಕೆ ಹಾಳೆ ತೂರಿಸಿ, ಉರುಳೆ ತಿರುಗಿಸಿ, ಅಂಚು ಸಮ ಇದೆಯೇ ಎಂದು ನೋಡಿದಳು.

"ಪುಟದ ಕೆಳಗೆ ಎರಡು ಸಾಲು ಜಾಗ ಖಾಲಿ ಉಳಿದಿತ್ತು ರೀ. ನೋಡೋಕೆ ಚೆನ್ನಾಗಿ ಕಾಣ್ತಿರಲಿಲ್ಲ."